ಹಸಿರು ಮೇಲೆ, ಸ್ಲ್ಯಾಬು ಕೆಳಗೆ: ಅಪಾರ್ಟ್‌ಮೆಂಟ್ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಿಂದ. ಎಲ್ಲವೂ ಆವರಣದ ಉದ್ಯಾನ, ಮರ, ಹಾಸುಹುಲ್ಲಿನ ಬಗ್ಗೆ. ಯಾವ ಗೊಬ್ಬರ ಹಾಕಬೇಕು, ಯಾವ ಔಷಧ ಹೊಡೆಯಬೇಕು ಎಂಬುದೇ ಬಹುತೇಕರ ಪ್ರಶ್ನೆ. ಆದರೆ ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಗೊಬ್ಬರದ ಕೊರತೆ ಎಲ್ಲೂ ಕಾಣುವುದಿಲ್ಲ. ತೊಂದರೆ ಇರುವುದು ಗಿಡಕ್ಕೆ ಹೋಗುವ ನೀರಿನಲ್ಲಿ, ಮಣ್ಣಿನ ಅಡಿಯ ಸ್ಲ್ಯಾಬಿನಲ್ಲಿ, ಕಸ ಸಂಸ್ಕರಿಸುವ ಶೆಡ್ಡಿನಲ್ಲಿ. ಉತ್ತರಗಳನ್ನೂ ಅಲ್ಲಿಂದಲೇ ಶುರುಮಾಡಿದ್ದೇವೆ.

ಪ್ರಶ್ನೆ: ನಮ್ಮದು 340 ಮನೆಗಳ ಸಮುಚ್ಚಯ. ಕುಡಿಯಲು ಬಿಟ್ಟು ಉಳಿದದ್ದಕ್ಕೆಲ್ಲ ಬೋರ್‌ವೆಲ್ ನೀರು. ಉದ್ಯಾನಕ್ಕೆ ಎಸ್‌ಟಿಪಿಯಲ್ಲಿ (ಕೊಳಚೆನೀರು ಶುದ್ಧೀಕರಣ ಘಟಕ) ಶುದ್ಧೀಕರಿಸಿದ ನೀರು ಬಿಡುತ್ತೇವೆ. ಕೇಪಳ, ಗುಲಾಬಿಗಳ ಎಲೆಯಂಚು ಸುಟ್ಟಂತಾಗಿದೆ. ಹುಲ್ಲು ತೇಪೆ ತೇಪೆಯಾಗಿ ಒಣಗುತ್ತಿದೆ. ನೀರು ಹಾಯಿಸಿದರೆ ಮಣ್ಣಿಗಿಳಿಯದೆ ಮೇಲೇ ನಿಲ್ಲುತ್ತದೆ. ಎಸ್‌ಟಿಪಿ ವರದಿಯಲ್ಲಿ ಬಿಒಡಿ 8 ಎಂದಿದೆ, ಅಂದರೆ ನೀರು ಚೆನ್ನಾಗಿಯೇ ಇದೆ. ಗೊಬ್ಬರ ಹೆಚ್ಚಿಸಬೇಕೇ?
– ಓದುಗರು, ವರ್ತೂರು

ಉತ್ತರ: ಗೊಬ್ಬರ ಹೆಚ್ಚಿಸಬೇಡಿ. ರಾಸಾಯನಿಕ ಗೊಬ್ಬರವೂ ಉಪ್ಪೇ, ಇರುವ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ಬಿಒಡಿ 10ರ ಒಳಗಿದೆ ಎಂದರೆ ನೀರಿನಲ್ಲಿ ಕೊಳೆಯುವ ಪದಾರ್ಥ ಕಡಿಮೆಯಿದೆ, ಎಸ್‌ಟಿಪಿ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂದಷ್ಟೇ ಅರ್ಥ. ನೀರಿನಲ್ಲಿ ಕರಗಿರುವ ಉಪ್ಪನ್ನು ಎಸ್‌ಟಿಪಿ ತೆಗೆಯುವುದಿಲ್ಲ. ಮನೆಗಳಿಂದ ಎಷ್ಟು ಸೋಡಿಯಂ ಹೋಗುತ್ತದೋ ಅಷ್ಟೂ ಉದ್ಯಾನಕ್ಕೆ ಬಂದು ಬೀಳುತ್ತದೆ.

ಆ ಸೋಡಿಯಂ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ನಿಮ್ಮ ವಾಟರ್ ಸಾಫ್ಟನರ್‌ನಿಂದ. ಬೋರ್‌ವೆಲ್ ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸಾಫ್ಟನರ್‌ನ ರೆಸಿನ್ (ಒಳಗಿನ ಪುಟ್ಟ ಮಣಿಗಳು) ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮ ಬೋರ್‌ವೆಲ್‌ನ ಗಡಸುತನ 400 ಇದ್ದರೆ ಪ್ರತಿ ಲೀಟರಿಗೆ 184 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಬಂತು. ಇದರ ಮೇಲೆ ಇನ್ನೊಂದಿದೆ. ರೆಸಿನ್ ದಣಿದಾಗ ಅದಕ್ಕೆ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜುಗೊಳಿಸುತ್ತಾರಲ್ಲ, ಆ ತೊಳೆದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂದು ಪ್ಲಂಬರ್ ಜೊತೆ ಹೋಗಿ ನಿಂತು ನೋಡಿ. ಅದರ ಪೈಪು ಎಸ್‌ಟಿಪಿಯ ಕಲೆಕ್ಷನ್ ಟ್ಯಾಂಕಿಗೆ ಸೇರಿದ್ದರೆ ಉದ್ಯಾನಕ್ಕೆ ಉಪ್ಪು ಹೋಗುವ ಮುಖ್ಯ ದಾರಿ ಅದೇ. ಎಸ್‌ಟಿಪಿಯ ಬ್ಯಾಕ್ಟೀರಿಯಾಗಳಿಗೂ ಅದರಿಂದ ಪೆಟ್ಟು ಬೀಳುತ್ತದೆ.

ಸೋಡಿಯಂ ಹೆಚ್ಚಾದ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಹರಳಾಗದೆ ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಮೇಲ್ಪದರ ಗಟ್ಟಿಯಾಗುತ್ತದೆ, ನೀರು ನಿಲ್ಲುತ್ತದೆ. ನೀವು ಕಾಣುತ್ತಿರುವುದು ಇದನ್ನೇ. ಎಲೆಗಳನ್ನೂ ಒಮ್ಮೆ ಹತ್ತಿರದಿಂದ ನೋಡಿ. ಬಲಿತ ಎಲೆಗಳ ತುದಿ, ಅಂಚು ಕಂದಾಗಿ ಒಣಗಿದ್ದರೆ ಅದು ಉಪ್ಪು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಮಣ್ಣು ಕ್ಷಾರವಾದಾಗ ಹೀಗಾಗುತ್ತದೆ, ಕೇಪಳ ಇದನ್ನು ಬೇಗ ತೋರಿಸುತ್ತದೆ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದೂ ಉಂಟು.

ಈಗ ಮಾಡಬೇಕಾದದ್ದು. ಮೊದಲು, ಉದ್ಯಾನದ ನಲ್ಲಿಯಿಂದಲೇ ಒಂದು ಲೀಟರ್ ನೀರು, ಐದಾರು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ಬೆರೆಸಿದ ಅರ್ಧ ಕೆಜಿ ಮಾದರಿ ತೆಗೆದು ಪರೀಕ್ಷೆಗೆ ಕೊಡಿ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ಪರೀಕ್ಷಾ ಸೌಲಭ್ಯವಿದೆ. 'ನೀರಾವರಿಗೆ ಯೋಗ್ಯವೇ' ಎಂದು ನೋಡಿಸಬೇಕು. ಅಂದರೆ ಪಿಎಚ್, ಇಸಿ (ಕರಗಿದ ಒಟ್ಟು ಉಪ್ಪಿನ ಅಳತೆ), ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಮತ್ತು ಎಸ್‌ಎಆರ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಎಂಬ ಅಳತೆ) ಕೇಳಿ. ಎಸ್‌ಟಿಪಿಯ ಮಾಮೂಲಿ ವರದಿಯಲ್ಲಿ ಇವು ಇರುವುದಿಲ್ಲ. ಎಸ್‌ಎಆರ್ 10 ದಾಟಿದ್ದರೆ ಸೋಡಿಯಂ ತೊಂದರೆಯ ಸಾಧ್ಯತೆ ಹೆಚ್ಚು. ನಮ್ಮ ಕೆಂಪು ಜೇಡಿಯಲ್ಲಿ ಅದಕ್ಕಿಂತ ಮೊದಲೇ ಲಕ್ಷಣ ಕಾಣಬಹುದು.

ಸೋಡಿಯಂ ಹೆಚ್ಚಿದೆ ಎಂದು ವರದಿ ಹೇಳಿದ ಮೇಲೆ ಜಿಪ್ಸಂ ಹಾಕಿ. ನೂರು ಚದರಡಿಗೆ ಎರಡರಿಂದ ಎರಡೂವರೆ ಕೆಜಿ. ಮೇಲೆ ಎರಚಿ ಬಿಟ್ಟರೆ ಸಾಲದು, ಮುಳ್ಳುಕೈಯಿಂದ ಎರಡಂಗುಲ ಕೆದಕಿ ಬೆರೆಸಬೇಕು. ಹುಲ್ಲಿರುವ ಕಡೆ ಕಬ್ಬಿಣದ ಸಲಾಕೆಯಿಂದ ಅರ್ಧ ಅಡಿಗೊಂದು ತೂತು ಮಾಡಿ ಹರಡಿ. ನಂತರ ಚದರಡಿಗೆ ಎರಡೂವರೆ ಲೀಟರಿನಂತೆ ನೀರು ಕೊಡಿ, ಒಂದೇ ಸಲ ಅಲ್ಲ, ಎರಡು ದಿನಕ್ಕೆ ಹಂಚಿ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ಬಿಡಿಸುತ್ತದೆ, ನೀರು ಅದನ್ನು ಬೇರಿನ ಕೆಳಕ್ಕೆ ಒಯ್ಯುತ್ತದೆ. ಈ ತೊಳೆತಕ್ಕೆ ಸಂಗ್ರಹಿಸಿದ ಮಳೆನೀರು ಸಿಕ್ಕರೆ ಬಲು ಒಳ್ಳೆಯದು. ಮೇ ಕೊನೆಯಲ್ಲಿ ಹಾಕಿದರೆ ಮಳೆಯೇ ಆ ಕೆಲಸ ಮಾಡುತ್ತದೆ. ಕೆಳಗೆ ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಮಾತ್ರ ಇಡೀ ಶ್ರಮ ವ್ಯರ್ಥ.

ಉಪ್ಪು ಬರುವುದನ್ನು ನಿಲ್ಲಿಸದಿದ್ದರೆ ಪ್ರತಿ ವರ್ಷ ಜಿಪ್ಸಂ ಸುರಿಯುತ್ತಲೇ ಇರಬೇಕಾದೀತು. ಸಾಫ್ಟನರ್ ತೊಳೆದ ನೀರಿನ ಪೈಪನ್ನು ಎಸ್‌ಟಿಪಿಯಿಂದ ಬೇರ್ಪಡಿಸಿ ಪ್ರತ್ಯೇಕ ಟ್ಯಾಂಕಿಗೆ ಬಿಡಿ, ಅದನ್ನು ವಿಲೇವಾರಿ ಮಾಡುವ ವ್ಯವಸ್ಥೆ ಬೇರೆಯೇ ಆಗಲಿ. ಗಡಸುತನವನ್ನು ಸೊನ್ನೆಗೆ ಇಳಿಸುವುದು ಬೇಡ. ಗಡಸು ನೀರನ್ನು ಸ್ವಲ್ಪ ಬೆರೆಸಿ 120–150ರಲ್ಲಿ ನಿಲ್ಲಿಸಿದರೆ ಗೀಸರಿಗೂ ಹೆಚ್ಚಿನ ತೊಂದರೆಯಿಲ್ಲ, ಉಪ್ಪಿನ ಚೀಲಗಳ ಖರ್ಚೂ ಕಡಿಮೆಯಾಗುತ್ತದೆ. ಫ್ಲಶ್ ಟ್ಯಾಂಕಿಗೆ ಸಾಫ್ಟನರ್ ನೀರು ಹೋಗುತ್ತಿದ್ದರೆ ಅದನ್ನು ತಪ್ಪಿಸಿ ಶುದ್ಧೀಕರಿಸಿದ ನೀರಿಗೆ ಜೋಡಿಸಿ.

ಈ ನೀರನ್ನು ತಾಳಿಕೊಳ್ಳುವ ಗಿಡಗಳೂ ಇವೆ: ಕಣಗಿಲೆ, ಬೋಗನ್‌ವಿಲ್ಲಾ, ಹೊಂಗೆ, ತೆಂಗು. ಗುಲಾಬಿ, ಜರಿಗಿಡ, ಆಂಥೂರಿಯಂ ತಾಳುವುದಿಲ್ಲ. ಅವು ಬೇಕೇಬೇಕೆಂದರೆ ಮಳೆನೀರಿನ ಟ್ಯಾಂಕಿಗೆ ಹತ್ತಿರದ ಒಂದೇ ಪಾತಿಯಲ್ಲಿ ಇಟ್ಟುಕೊಳ್ಳಿ. ಕೊನೆಯದಾಗಿ, ಶುದ್ಧೀಕರಿಸಿದ ನೀರನ್ನು ಸ್ಪ್ರಿಂಕ್ಲರಿನಲ್ಲಿ ಎರಚಬೇಡಿ. ಎಲೆ ಮೇಲೆ ಉಪ್ಪು ಒಣಗಿ ಸುಡುತ್ತದೆ, ತುಂತುರು ಮಕ್ಕಳ ಮೈಮೇಲೆ ಬೀಳುತ್ತದೆ. ಪಾತಿಗಳಿಗೆ ಡ್ರಿಪ್, ಹುಲ್ಲಿಗೆ ರಾತ್ರಿ ಹತ್ತರ ಮೇಲೆ ಹೋಸ್‌ಪೈಪು ಸಾಕು. ನಲ್ಲಿಗಳ ಮೇಲೆ 'ಕುಡಿಯುವ ನೀರಲ್ಲ' ಎಂದು ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಬರೆಸಿ.

ಪ್ರಶ್ನೆ: ನಮ್ಮ ಉದ್ಯಾನ ಇರುವುದು ಕಾರ್ ಪಾರ್ಕಿಂಗಿನ ಮೇಲೆ. ಮೂರು ಕಡೆ ಬೇಸ್‌ಮೆಂಟಿಗೆ ನೀರು ಸೋರಿ ಕಾರಿನ ಮೇಲೆ ಬಿಳಿ ಕಲೆ ಬೀಳುತ್ತಿದೆ. ಎರಡು ಸಲ ಕೆಳಗಿನಿಂದ ಇಂಜೆಕ್ಷನ್ ಗ್ರೌಟಿಂಗ್ (ಬಿರುಕಿಗೆ ಸಿಮೆಂಟಿನಂಥ ದ್ರವ ಒತ್ತಿ ತುಂಬುವುದು) ಮಾಡಿಸಿದೆವು, ಸೋರಿಕೆ ಪಕ್ಕಕ್ಕೆ ಸರಿಯಿತೇ ಹೊರತು ನಿಲ್ಲಲಿಲ್ಲ. ಇಡೀ ತೋಟ ಕಿತ್ತುಹಾಕಬೇಕೇ? ಸ್ವಾಧೀನ ಪಡೆದು ನಾಲ್ಕು ವರ್ಷವಾಗಿದೆ.
– ನಿವಾಸಿಗಳ ಸಂಘದ ಕಾರ್ಯದರ್ಶಿ, ಕನಕಪುರ ರಸ್ತೆ

ಉತ್ತರ: ಮೊದಲು ಕಾಗದ, ಆಮೇಲೆ ಗುದ್ದಲಿ. ನಾಲ್ಕು ವರ್ಷ ಎಂದಿದ್ದೀರಿ. ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ತೋರಿಸಿಕೊಟ್ಟರೆ ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಿಕೊಡಬೇಕು. ಸೋರುವ ಜಾಗಗಳ ಫೋಟೊ, ದಿನಾಂಕ, ಕಂಬದ ಸಂಖ್ಯೆ ಹಾಕಿ ಈ ವಾರವೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಪಂದಿಸದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಐದು ವರ್ಷ ಮುಗಿಯುವವರೆಗೆ ಬಾಯಿಮಾತಿನಲ್ಲಿ ಕಾಲ ಕಳೆದು ಈ ಹಕ್ಕು ಕಳೆದುಕೊಂಡ ಸಂಘಗಳು ಬೇಕಾದಷ್ಟಿವೆ, ನೀವು ಹಾಗೆ ಮಾಡಬೇಡಿ.

ಕಾರಿನ ಮೇಲಿನ ಬಿಳಿ ಕಲೆ ಸುಣ್ಣದ್ದು. ನೀರು ಕಾಂಕ್ರೀಟಿನೊಳಗೆ ಬಹಳ ದಿನದಿಂದ ಹಾದು ಬರುತ್ತಿದೆ ಎಂಬುದಕ್ಕೆ ಅದೇ ಗುರುತು. ಕೆಳಗಿನಿಂದ ಗ್ರೌಟ್ ತುಂಬಿದರೆ ಬಿರುಕಿನ ಕೆಳಬಾಯಿ ಮುಚ್ಚುತ್ತದೆ, ನೀರು ಸ್ಲ್ಯಾಬಿನೊಳಗೇ ಹರಿದು ಇನ್ನೊಂದು ಬಾಯಿ ಹುಡುಕುತ್ತದೆ. ಅಷ್ಟು ಹೊತ್ತೂ ಒಳಗಿನ ಕಂಬಿ ತುಕ್ಕು ಹಿಡಿಯುತ್ತಿರುತ್ತದೆ. ಹಾಗಾಗಿ ಮೂರನೆಯ ಇಂಜೆಕ್ಷನ್ ಬೇಡ.

ತೋಟ ಪೂರ್ತಿ ಕೀಳಬೇಕಾಗಿಲ್ಲ. ನೀರು ಎಲ್ಲಿಯದೆಂದು ಹೀಗೆ ಪತ್ತೆ ಹಚ್ಚಿ. ಮಳೆಯಿಲ್ಲದ ವಾರದಲ್ಲಿ, ಸೋರುವ ಜಾಗದ ಮೇಲಿನ ಭಾಗಕ್ಕೆ ಐದು ದಿನ ನೀರು ಹಾಯಿಸುವುದನ್ನು ನಿಲ್ಲಿಸಿ. ಸೋರಿಕೆ ನಿಂತರೆ ಮೇಲಿನ ನೀರೇ ಕಾರಣ. ನಿಲ್ಲದಿದ್ದರೆ ಆ ಭಾಗದಲ್ಲಿ ಹಾದುಹೋಗುವ ನೀರಿನ ಲೈನಿನ ವಾಲ್ವ್ ಮುಚ್ಚಿ ಎರಡು ದಿನ ನೋಡಿ. ಮಣ್ಣಿನಡಿಯ ಡ್ರಿಪ್ ಪೈಪಿನ ಜಾಯಿಂಟ್ ಬಿಟ್ಟಿರುವುದು ಅಪರೂಪವೇನಲ್ಲ. ಸೋರಿಕೆ ನೇರ ಗೆರೆಯಲ್ಲಿದ್ದರೆ ಎಕ್ಸ್‌ಪಾನ್ಷನ್ ಜಾಯಿಂಟ್ (ಕಾಂಕ್ರೀಟು ಹಿಗ್ಗಲೆಂದು ಸ್ಲ್ಯಾಬಿನ ಭಾಗಗಳ ನಡುವೆ ಬಿಟ್ಟ ಸಂದು) ಅನುಮಾನಿಸಿ. ಮಳೆ ಬಂದಾಗ ಮಾತ್ರ, ಅದೂ ನೀರು ಹೊರಹೋಗುವ ಔಟ್‌ಲೆಟ್‌ಗಳ ಹತ್ತಿರ ಸೋರಿದರೆ ಔಟ್‌ಲೆಟ್ ಕಟ್ಟಿಕೊಂಡಿದೆ. ಔಟ್‌ಲೆಟ್ ಬಾಯಿಗೆ ಬಣ್ಣದ ನೀರು ಸುರಿದು ಕೆಳಗೆ ಅದೇ ಬಣ್ಣ ಬರುತ್ತದೆಯೇ ನೋಡಿ.

ಅನೇಕ ಕಡೆ ತೊಂದರೆ ಇದೇ ಔಟ್‌ಲೆಟ್‌ನಲ್ಲಿ ಸಿಗುತ್ತದೆ. ಪ್ರತಿ ಔಟ್‌ಲೆಟ್ ಮೇಲೆ ಒಂದು ಪುಟ್ಟ ಛೇಂಬರ್, ಅದಕ್ಕೊಂದು ಮುಚ್ಚಳ ಇರಬೇಕು. ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಮಣ್ಣು ಹಾಕಿ ಹುಲ್ಲು ಹಾಸಿಬಿಡುತ್ತಾರೆ. ಆಮೇಲೆ ಅದು ಎಲ್ಲಿದೆಯೆಂದೇ ಯಾರಿಗೂ ಗೊತ್ತಿರುವುದಿಲ್ಲ. ಬೇರು, ಹೂಳು ತುಂಬಿ ನೀರು ಸ್ಲ್ಯಾಬಿನ ಮೇಲೆ ಕೆರೆ ಕಟ್ಟುತ್ತದೆ. ಡ್ರೈನೇಜ್ ನಕ್ಷೆ ತರಿಸಿಕೊಂಡು ಎಲ್ಲ ಔಟ್‌ಲೆಟ್‌ಗಳನ್ನೂ ಹುಡುಕಿ, ಮುಚ್ಚಳ ಮಣ್ಣಿಗಿಂತ ಒಂದಂಗುಲ ಮೇಲೆ ಬರುವಂತೆ ಮಾಡಿಸಿ, ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ ತೆರೆದು ತೊಳೆಸಿ. ಸೋರಿಕೆ ಇಷ್ಟರಿಂದಲೇ ನಿಲ್ಲುವ ಸಾಧ್ಯತೆಯೂ ಇದೆ.

ನಿಲ್ಲದಿದ್ದರೆ ಸೋರುವ ಭಾಗವನ್ನು ಮಾತ್ರ, ಸುತ್ತ ಆರೇಳು ಅಡಿ ಹೆಚ್ಚುವರಿ ಸೇರಿಸಿ, ಸ್ಲ್ಯಾಬಿನವರೆಗೆ ಬಿಡಿಸಿ. ಔಟ್‌ಲೆಟ್ ಮುಚ್ಚಿ ಎರಡಂಗುಲ ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನಿಂದ ಗುರುತು ಹಾಕಿಕೊಳ್ಳಿ. ಮರಳಿ ಕಟ್ಟುವಾಗ ಪದರಗಳು ಈ ಕ್ರಮದಲ್ಲಿರಲಿ. ಔಟ್‌ಲೆಟ್ ಕಡೆಗೆ ನೂರಕ್ಕೆ ಒಂದರ ಇಳಿಜಾರು. ಅದರ ಮೇಲೆ ವಾಟರ್‌ಪ್ರೂಫಿಂಗ್ ಮೆಂಬ್ರೇನ್, ಅದು ಪಕ್ಕದ ಗೋಡೆಗಳ ಮೇಲೆ ಮಣ್ಣಿನ ಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಹತ್ತಿರಬೇಕು. ಇಲ್ಲಿ ಮತ್ತೊಮ್ಮೆ 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿಸಿ, ಕಂಟ್ರಾಕ್ಟರ್ ಎಷ್ಟೇ ಅವಸರಿಸಿದರೂ ಇದನ್ನು ಬಿಡಬೇಡಿ. ಪಾಸಾದ ಮೇಲೆ ಎರಡಂಗುಲ ರಕ್ಷಣಾ ಕಾಂಕ್ರೀಟು, ಬೇರು ತಡೆಯುವ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಡ್ರೇನ್ ಸೆಲ್ (ನೀರು ಹರಿದುಹೋಗಲು ಜಾಗ ಬಿಡುವ ಪ್ಲಾಸ್ಟಿಕ್ ಜಾಲರಿ), ಮಣ್ಣು ತಡೆದು ನೀರನ್ನಷ್ಟೇ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಮಣ್ಣು. ಜಿಯೋಟೆಕ್ಸ್‌ಟೈಲ್ ಹಾಳೆಗಳ ಅಂಚು ಒಂದರ ಮೇಲೊಂದು ಮುಕ್ಕಾಲು ಅಡಿಯಾದರೂ ಕೂರಬೇಕು, ಇಲ್ಲವಾದರೆ ಸಂದಿಯಿಂದ ಮಣ್ಣಿಳಿದು ಡ್ರೇನ್ ಸೆಲ್ ಎರಡೇ ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಸಂಗತಿ ಮಣ್ಣಿನ ತೂಕ. ನೆನೆದ ಕೆಂಪುಮಣ್ಣು ಘನ ಅಡಿಗೆ ಸುಮಾರು 50 ಕೆಜಿ ತೂಗುತ್ತದೆ. ಎರಡಡಿ ಮಣ್ಣಿದ್ದರೆ ಪ್ರತಿ ಚದರಡಿ ಸ್ಲ್ಯಾಬಿನ ಮೇಲೆ 100 ಕೆಜಿ. 'ಮಣ್ಣು ಕುಸಿದಿದೆ' ಎಂದು ವರ್ಷ ವರ್ಷ ನಾಲ್ಕಂಗುಲ ಕೆಂಪುಮಣ್ಣು ಏರಿಸಿದರೆ ಚದರಡಿಗೆ ಮತ್ತೆ 16–17 ಕೆಜಿ ಸೇರುತ್ತದೆ. ಕುಸಿದದ್ದನ್ನು ತುಂಬಲು ಕೊಕೊಪೀಟ್, ಕಾಂಪೋಸ್ಟ್, ಪರ್ಲೈಟ್ ಬೆರೆತ ಹಗುರ ಮಿಶ್ರಣ ಬಳಸಿ. ಗುಡ್ಡ, ಕಾರಂಜಿ, ಬಂಡೆಗಳ ಅಲಂಕಾರ ಮಾಡುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರರಿಂದ ಸ್ಲ್ಯಾಬ್ ಎಷ್ಟು ಭಾರಕ್ಕೆಂದು ಕಟ್ಟಿದ್ದು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಸ್ಲ್ಯಾಬಿನ ಮೇಲೆ ಹುಲ್ಲಿಗೆ ಒಂದಡಿ, ಪೊದೆಗಿಡಕ್ಕೆ ಒಂದೂವರೆಯಿಂದ ಎರಡಡಿ, ಪಾರಿಜಾತ, ದೇವಕಣಗಿಲೆಯಂಥ ಚಿಕ್ಕ ಮರಕ್ಕೆ ಮೂರರಿಂದ ನಾಲ್ಕಡಿ ಮಣ್ಣು ಬೇಕು. ಆಲ, ಅರಳಿ, ಅತ್ತಿ, ನರ್ಸರಿಯ ಫೈಕಸ್, ಬಿದಿರು ಇವನ್ನು ಅಲ್ಲಿ ನೆಡಲೇಬೇಡಿ. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಅರಳಿ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಬೇರುಸಹಿತ ತೆಗೆದು ಬೇರೆಡೆಗೆ ನೆಡಿ.

ಪ್ರಶ್ನೆ: ಅರ್ಧ ಎಕರೆಯಷ್ಟು ಲಾನ್ ಇದೆ. ಬೇಸಗೆಯಲ್ಲಿ ಟ್ಯಾಂಕರ್ ಖರ್ಚು ತಾಳಲಾಗುತ್ತಿಲ್ಲ. ತೆಗೆದುಬಿಡೋಣ ಎಂದರೆ ಅರ್ಧ ಜನ ಒಪ್ಪುತ್ತಿಲ್ಲ.
– ಓದುಗರು, ಸರ್ಜಾಪುರ ರಸ್ತೆ

ಉತ್ತರ: ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ ಬೆಂಗಳೂರಿನ ಹಾಸುಹುಲ್ಲು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕಳೆದುಕೊಳ್ಳುತ್ತದೆ. ಚದರಡಿಗೆ ಅರ್ಧ ಲೀಟರಿನ ಆಸುಪಾಸು. ಅರ್ಧ ಎಕರೆಗೆ ದಿನಕ್ಕೆ 10,000 ಲೀಟರ್. ಟ್ಯಾಂಕರಿನ ನೀರನ್ನು ಇದಕ್ಕೆ ಸುರಿಯುವುದನ್ನು ನಾವು ಸಮರ್ಥಿಸಲಾರೆವು. 2024ರ ಮಾರ್ಚ್‌ನ ನೀರಿನ ಬವಣೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಬೇಸಗೆಗೂ ಅಂಥದೇ ಆದೇಶ ಬಂತು.

ಜಗಳವಿಲ್ಲದ ದಾರಿ ಎಂದರೆ ಲಾನನ್ನು ಬಳಕೆಯ ಮೇಲೆ ವಿಂಗಡಿಸುವುದು. ಮಕ್ಕಳು ಆಡುವ, ಜನ ಕೂರುವ ಭಾಗ ಉಳಿಯಲಿ. ಬ್ಲಾಕ್‌ಗಳ ನಡುವಿನ ಪಟ್ಟಿಗಳಲ್ಲಿ, ಮರದಡಿಯ ನೆರಳಿನಲ್ಲಿ ಹುಲ್ಲು ಹೇಗೂ ಸರಿಯಾಗಿ ಬರುವುದಿಲ್ಲ. ಮೆಕ್ಸಿಕನ್ ಹುಲ್ಲಿಗೂ ಗರಿಕೆಗೂ ನೇರ ಬಿಸಿಲು ಬೇಕು. ಅಲ್ಲಿ ಹಳದಿ ಹೂವಿನ ಅಲಂಕಾರಿಕ ನೆಲಗಡಲೆ ಹಾಸಿ, ಅಥವಾ ಅಗಲ ಎಲೆಯ ಬಫೆಲೊ ಹುಲ್ಲು. ದಟ್ಟ ನೆರಳಿದ್ದರೆ ತರಗೆಲೆಯ ಹೊದಿಕೆಯೇ ಸಾಕು. ಉಳಿದ ಹುಲ್ಲಿಗೆ ದಿನಾ ಚಿಮುಕಿಸುವ ಬದಲು ಮೂರು ದಿನಕ್ಕೊಮ್ಮೆ 12–15 ಮಿಲಿಮೀಟರ್ ಕೊಡಿ, ಬೇರು ಕೆಳಗಿಳಿಯುತ್ತದೆ. ಅಳತೆಗೆ ಹುಲ್ಲಿನ ಮೇಲೆ ನಾಲ್ಕೈದು ಖಾಲಿ ಡಬ್ಬಿ ಇಟ್ಟು, ತಳದಲ್ಲಿ ಅಷ್ಟು ನೀರು ನಿಲ್ಲಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದೇ ಮಾಲಿಯವರ ವೇಳಾಪಟ್ಟಿ.

ಪ್ರಶ್ನೆ: 220 ಮನೆಗಳ ಹಸಿ ಕಸಕ್ಕೆಂದು ಯಂತ್ರ ತಂದೆವು. 24 ಗಂಟೆಯಲ್ಲಿ ಗೊಬ್ಬರ ಎಂದರು. ಕಂದು ಪುಡಿ ಬರುತ್ತದೆ. ಆದರೆ ಗಿಡಕ್ಕೆ ಹಾಕಿದ ಮೂರೇ ದಿನಕ್ಕೆ ವಾಸನೆ, ಹುಳು. ಕೆಲವು ಗಿಡ ಸತ್ತೇ ಹೋದವು.
– ಓದುಗರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಆ ಪುಡಿ ಗೊಬ್ಬರವಲ್ಲ, ಬಿಸಿಯಲ್ಲಿ ಒಣಗಿಸಿ ಅರೆದ ಅನ್ನ, ಸಿಪ್ಪೆ. ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಮುಟ್ಟಿಲ್ಲ. ಮಣ್ಣಿನ ತೇವ ತಗುಲಿದೊಡನೆ ಕೊಳೆಯಲು ಶುರುವಾಗಿ ಬಿಸಿಯೇರುತ್ತದೆ, ಬೇರಿಗೆ ಸಿಗಬೇಕಾದ ಆಮ್ಲಜನಕ, ಸಾರಜನಕವನ್ನು ಕಿತ್ತುಕೊಳ್ಳುತ್ತದೆ. ಅಡುಗೆಯ ಉಪ್ಪೂ ಅದರಲ್ಲೇ ಉಳಿದಿರುತ್ತದೆ. ಯಂತ್ರ ಎಸೆಯಬೇಕಾಗಿಲ್ಲ, ಅದರಿಂದ ಬಂದದ್ದನ್ನು ಕಚ್ಚಾ ಸಾಮಗ್ರಿ ಎಂದು ಎಣಿಸಿ ಮಾಗಿಸಿದರೆ ಆಯಿತು. ವಿದ್ಯುತ್ ಬಿಲ್ಲು ನೋಡಿದರೆ ಯಂತ್ರವೇ ಬೇಡ ಎಂದು ನಿಮಗೂ ಅನಿಸಬಹುದು, ನಮ್ಮ ಒಲವೂ ಅತ್ತಲೇ.

ಲೆಕ್ಕ ಹೀಗೆ: ಮನೆಗೆ ದಿನಕ್ಕೆ ಸುಮಾರು 600 ಗ್ರಾಂ ಹಸಿ ಕಸ, 220 ಮನೆಗೆ 130 ಕೆಜಿ. ದಿನಕ್ಕೆ 100 ಕೆಜಿ ಮೀರಿ ಕಸ ಹುಟ್ಟುವ ಕಡೆಯವರನ್ನು ಘನತ್ಯಾಜ್ಯ ನಿಯಮಗಳು ಸಗಟು ಉತ್ಪಾದಕರೆಂದೇ ಪರಿಗಣಿಸುತ್ತವೆ. ಆದ್ದರಿಂದ ಸಂಸ್ಕರಣೆ ನಿಮ್ಮದೇ ಹೊಣೆ. ಮೂರಡಿ ಉದ್ದ, ಅಗಲ, ಎತ್ತರದ, ಗಾಳಿಯಾಡುವ ಗೋಡೆಯ ತೊಟ್ಟಿ ಮೂರು ನಾಲ್ಕು ದಿನಕ್ಕೆ ತುಂಬುತ್ತದೆ. ಮಾಗಲು 45 ದಿನ. ಅಂದರೆ ಹದಿನಾಲ್ಕು ತೊಟ್ಟಿ ಇದ್ದರೆ ಚಕ್ರ ನಿಲ್ಲದೆ ತಿರುಗುತ್ತದೆ.

ಮೂರು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಪುಡಿಮಾಡಿದ ತರಗೆಲೆ, ಜೊತೆಗೆ ಹಳೆಯ ಕಾಂಪೋಸ್ಟ್ ಒಂದೆರಡು ಬೊಗಸೆ. ನಿಮ್ಮ ಆವರಣದಲ್ಲಿ ದಿನಾ ಗುಡಿಸುವ ಎಲೆಯೇ ಇಲ್ಲಿನ ಮುಖ್ಯ ಸರಕು. ಜನವರಿಯಿಂದ ಮಾರ್ಚ್‌ವರೆಗೆ ಉದುರುವುದನ್ನು ಚೀಲದಲ್ಲಿ ತುಂಬಿಟ್ಟರೆ ಮಳೆಗಾಲಕ್ಕೆ ಒದಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ಮೂರು ನಾಲ್ಕು ದಿನದಲ್ಲಿ ಒಳಗೆ 55–60 ಡಿಗ್ರಿ ಬಿಸಿ ಏರಬೇಕು. ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತದೆ. ವಾರಕ್ಕೊಮ್ಮೆ ಮಗುಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚು, ಗಾಳಿ ಕಡಿಮೆ: ಎಲೆ ಸೇರಿಸಿ ಮಗುಚಿ. ಮೂಗಿಗೆ ಅಡರುವ ಅಮೋನಿಯಾ ಘಾಟಾದರೂ ಎಲೆಯೇ ಸಾಲದು. ಬಿಸಿಯೇ ಏರದಿದ್ದರೆ ಒಣಗಿದೆ ಅಥವಾ ರಾಶಿ ಚಿಕ್ಕದಾಗಿದೆ. ದಪ್ಪನೆಯ ಕಂದು ಮರಿಹುಳುಗಳು ಕಂಡರೆ ಔಷಧ ಹೊಡೆಯಬೇಡಿ, ಕಪ್ಪು ಸೈನಿಕ ನೊಣದ ಆ ಹುಳುಗಳು ಕಸವನ್ನು ತಿಂದು ಕೆಲಸ ಮುಗಿಸಿಕೊಡುತ್ತವೆ.

ಮಾಗಿದೆಯೇ ಎಂದು ತಿಳಿಯಲು, ಒಂದು ಮುಷ್ಟಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಬಿಗಿದು ಕಟ್ಟಿಟ್ಟು ಬಿಚ್ಚಿ. ಮಣ್ಣಿನ ವಾಸನೆ ಬಂದರೆ ಸರಿ. ಇನ್ನೂ ನಂಬಿಕೆಯಿಲ್ಲದಿದ್ದರೆ ಅದರಲ್ಲಿ ಹತ್ತು ಮೆಂತ್ಯಕಾಳು ಹಾಕಿ, ಎಂಟು ಮೊಳೆತರೆ ಗಿಡಕ್ಕೆ ಹಾಕಬಹುದು. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬೇರೆ ಬೇರೆ ಬಗೆಯ ಕಾಂಪೋಸ್ಟ್ ತೊಟ್ಟಿಗಳನ್ನು ಕಣ್ಣಾರೆ ನೋಡಬಹುದು. ನಿಮ್ಮ ಹೌಸ್‌ಕೀಪಿಂಗ್ ಸಿಬ್ಬಂದಿಯನ್ನೂ ಕರೆದುಕೊಂಡು ಹೋಗಿ, ಕೆಲಸ ಮಾಡುವವರು ಅವರು. ಅವರಿಗೆ ಕೈಗವಸು, ಬೂಟು, ಮುಖಗವಸನ್ನು ಸಂಘವೇ ಕೊಡಬೇಕು.

ಪ್ರಶ್ನೆ: ಮಕ್ಕಳ ಆಟದ ಜಾಗದ ಪಕ್ಕದ ಗುಲ್‌ಮೊಹರ್ ಮರ ವಾಲಿದಂತಿದೆ. ಮಳೆಗೆ ಮುಂಚೆ ತಲೆ ಕಡಿಸಿಬಿಡಬಹುದೇ?
– ಓದುಗರು, ಯಲಹಂಕ

ಉತ್ತರ: ತಲೆ ಕಡಿಸಬೇಡಿ. ತಲೆ ಕಡಿದ ಮರದಲ್ಲಿ ಗಾಯದ ಸುತ್ತ ನೂರಾರು ಚಿಗುರು ಏಳುತ್ತವೆ. ಅವು ಮೇಲ್ಪದರಕ್ಕಷ್ಟೇ ಅಂಟಿಕೊಂಡ ಕೊಂಬೆಗಳು. ಎರಡು ಮೂರು ವರ್ಷದಲ್ಲಿ ಭಾರವಾಗಿ ಮುರಿಯುತ್ತವೆ, ಗಾಯದಿಂದ ಕಾಂಡವೂ ಕೊಳೆಯುತ್ತದೆ. ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಖಾಸಗಿ ಆವರಣದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರಕ್ಕೆ ಹಾನಿ ಮಾಡುವುದೂ 'ಕಡಿಯುವುದರ' ವ್ಯಾಖ್ಯೆಯೊಳಗೇ ಬರುತ್ತದೆ. ನಿಮ್ಮ ನಗರ ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೊ ಸಹಿತ ಅರ್ಜಿ ಕೊಡಿ.

ಅಧಿಕಾರಿ ಬರುವುದರೊಳಗೆ ನೀವೇ ನೋಡಬೇಕಾದದ್ದು: ವಾಲಿದ ದಿಕ್ಕಿನ ಎದುರುಗಡೆ ಮಣ್ಣು ಬಿರಿದಿದೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ, ಮರದ ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ, ಹೋದ ಒಂದೆರಡು ವರ್ಷದಲ್ಲಿ ಕೇಬಲ್ಲಿಗೆಂದು ಪಕ್ಕದಲ್ಲಿ ಅಗೆದಿದ್ದಾರೆಯೇ. ಯಾವುದೊಂದಕ್ಕೆ ಹೌದು ಎಂದರೂ ಆಟದ ಜಾಗವನ್ನು ಇಂದೇ ಹಗ್ಗ ಕಟ್ಟಿ ಮುಚ್ಚಿ. ಗುಲ್‌ಮೊಹರ್‌ನ ಬೇರು ಮೇಲುಮೇಲೆ ಹರಡುವಂಥದು, ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಬೇಗ ಉರುಳುತ್ತದೆ.

ಗಟ್ಟಿಯಿದೆ ಎಂದಾದರೆ ಅನುಮತಿ ಪಡೆದು ಭಾರ ಇಳಿಸಿದರೆ ಸಾಕು. ಒಂದು ಸಲಕ್ಕೆ ಹರವಿನ ಕಾಲು ಭಾಗ ಮೀರಬಾರದು. ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ, ಅದಕ್ಕಿಂತ ಒಂದಂಗುಲ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ತುಂಡನ್ನು ಕೊಂಬೆಯ ಬುಡದ ಉಬ್ಬಿದ ಬಳೆಯ ಹೊರಗೆ. ಆ ಬಳೆಯಿಂದಲೇ ಗಾಯ ಮಾಯುವುದು, ಅದನ್ನು ಕೊಯ್ಯಬಾರದು. ಡಾಂಬರು, ಬಣ್ಣ ಬಳಿಯುವುದು ಬೇಡ. ಬುಡದ ಸುತ್ತ ಸಿಮೆಂಟು, ಟೈಲ್ಸ್ ಇದ್ದರೆ ನಾಲ್ಕೈದು ಅಡಿಯಷ್ಟು ಬಿಡಿಸಿ ಮಣ್ಣು ಕಾಣುವಂತೆ ಮಾಡಿ.

ಪ್ರಶ್ನೆ: ನಕ್ಷೆಯಲ್ಲಿ ಪಾರ್ಕ್ ಎಂದಿದ್ದ ಜಾಗದಲ್ಲಿ ಬಿಲ್ಡರ್ ಇನ್ನೊಂದು ಬ್ಲಾಕ್ ಕಟ್ಟುತ್ತೇನೆ ಎನ್ನುತ್ತಿದ್ದಾರೆ. ಇತ್ತ ನೆಲಮಹಡಿಯ ಒಬ್ಬರು ಮನೆ ಮುಂದಿನ ತೋಟಕ್ಕೆ ಬೇಲಿ ಹಾಕಿಕೊಂಡಿದ್ದಾರೆ. ಏನು ಮಾಡಬಹುದು?
– ಓದುಗರು, ಥಣಿಸಂದ್ರ

ಉತ್ತರ: ರೇರಾ ಕಾಯ್ದೆಯ ವ್ಯಾಖ್ಯೆಯಲ್ಲೇ ಉದ್ಯಾನ, ಆಟದ ಜಾಗಗಳು ಸಾಮಾನ್ಯ ಪ್ರದೇಶ. ಮಂಜೂರಾದ ನಕ್ಷೆಯನ್ನೋ ಸಾಮಾನ್ಯ ಪ್ರದೇಶವನ್ನೋ ಬದಲಿಸಬೇಕಾದರೆ 14(2)ನೇ ಕಲಮಿನಂತೆ ಖರೀದಿದಾರರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಮೊದಲೇ ಇರಬೇಕು. ಒಬ್ಬರೇ ಹತ್ತು ಮನೆ ಕೊಂಡಿದ್ದರೂ ಲೆಕ್ಕಕ್ಕೆ ಒಬ್ಬರೇ. ಕರ್ನಾಟಕ ರೇರಾದ ಜಾಲತಾಣದಲ್ಲಿ ನಿಮ್ಮ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಅಲ್ಲಿರುವ ಮಂಜೂರಾತಿ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ಮಾರಾಟ ಕರಾರಿನಲ್ಲಿ 'ಮುಂದಿನ ಬದಲಾವಣೆಗೆ ಒಪ್ಪಿದ್ದೇನೆ' ಎಂಬ ಸಾಲು ಇದೆಯೇ ನೋಡಿ. ಇದ್ದರೆ ಸುಮ್ಮನಾಗದೆ ಆ ಪುಟವನ್ನು ವಕೀಲರಿಗೆ ತೋರಿಸಿ.

ಬೇಲಿಯ ವಿಷಯ ಸರಳ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಸಾಮಾನ್ಯ ಪ್ರದೇಶದಲ್ಲಿ ಎಲ್ಲರಿಗೂ ಅವಿಭಜಿತ ಪಾಲು, ಅದನ್ನು ತುಂಡು ಮಾಡಿಕೊಳ್ಳುವಂತಿಲ್ಲ. ಅವರ ಕ್ರಯಪತ್ರದಲ್ಲಿ ಆ ತೋಟ ಅವರ ಬಳಕೆಗೆಂದು ನಮೂದಾಗಿದೆಯೇ ಎಂದು ಮೊದಲು ಪರಿಶೀಲಿಸಿ, ಇಲ್ಲದಿದ್ದರೆ ಸಂಘದ ನೋಟಿಸು ಕೊಡಿ. ಬೇಲಿ ಹಾಕಿದವರು ಅಲ್ಲಿ ಗಿಡಗಳನ್ನು ಚೆನ್ನಾಗಿ ಬೆಳೆಸಿದ್ದರೆ ಬೇಲಿ ತೆಗೆಸಿ ಆರೈಕೆಯ ಹೊಣೆಯನ್ನು ಅವರಿಗೇ ಬಿಡುವುದು ಒಳ್ಳೆಯ ರಾಜಿ.

ಪ್ರಶ್ನೆ: ವಾರಕ್ಕೆರಡು ಸಲ ಫಾಗಿಂಗ್ ಮಾಡಿಸಿದರೂ ಸೊಳ್ಳೆ ಹೋಗುತ್ತಿಲ್ಲ.
– ಓದುಗರು, ಬನ್ನೇರುಘಟ್ಟ ರಸ್ತೆ

ಉತ್ತರ: ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನಲ್ಲ. ಡೆಂಗಿಯ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7–10 ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತುಮಾಡಿ ಈ ಜಾಗಗಳನ್ನು ನೋಡಿ: ಕುಂಡಗಳ ಕೆಳಗಿನ ತಟ್ಟೆ, ನಿಲ್ಲಿಸಿದ ಕಾರಂಜಿ, ವಾಲ್ವ್ ಛೇಂಬರ್, ಲಿಫ್ಟ್ ಗುಂಡಿ, ಟೆರೇಸಿನ ಮಳೆನೀರಿನ ಬಾಯಿ, ಬೇಸ್‌ಮೆಂಟಿನ ಚರಂಡಿ ಜಾಲರಿ. ತಟ್ಟೆಯ ನೀರು ಚೆಲ್ಲಿದರೆ ಮುಗಿಯಲಿಲ್ಲ, ಅಂಚನ್ನು ನಾರಿನಿಂದ ಉಜ್ಜಬೇಕು. ಅಲ್ಲಿ ಅಂಟಿದ ಮೊಟ್ಟೆ ಒಣಗಿದ್ದೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕೊಳಕ್ಕೆ ಗಪ್ಪಿ ಮೀನು ಬಿಡಿ. ಬರಿದು ಮಾಡಲಾಗದ ಛೇಂಬರಿಗೆ ಬಿಟಿಐ ಪುಡಿಯನ್ನು (ಸೊಳ್ಳೆಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಪೊಟ್ಟಣದ ಮೇಲಿನ ಪ್ರಮಾಣದಂತೆ ಹಾಕಿ. ಫಾಗಿಂಗ್ ನಿಲ್ಲಿಸಿದರೆ ಜೇನು, ಚಿಟ್ಟೆಗಳೂ ಉಳಿಯುತ್ತವೆ.

ಪ್ರಶ್ನೆ: ಹನ್ನೊಂದನೆಯ ಮಹಡಿಯ ಬಾಲ್ಕನಿಯ ಕೆಳಗೆ ಹೆಜ್ಜೇನು ಕಟ್ಟಿದೆ. ಪೆಸ್ಟ್ ಕಂಟ್ರೋಲಿನವರು ಔಷಧ ಹೊಡೆಯುತ್ತೇವೆ ಎನ್ನುತ್ತಾರೆ.
– ಓದುಗರು, ಹೆಣ್ಣೂರು

ಉತ್ತರ: ಬೇಡ. ಔಷಧ ಹೊಡೆದಾಗ ಕೆರಳುವ ಹುಳುಗಳು ಕೆಳಗೆ ಓಡಾಡುವವರನ್ನು ಅಟ್ಟಿಸಿಕೊಂಡು ಹೋಗುತ್ತವೆ, ಸಾಯುವುದು ಹತ್ತಾರು ಸಾವಿರ ಪರಾಗಸ್ಪರ್ಶಿಗಳು. ಹೆಜ್ಜೇನು ವಲಸೆ ಹುಳು. ಹೂವಿನ ಕಾಲ ಮುಗಿದೊಡನೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ, ತಾನೇ ಎದ್ದುಹೋಗುತ್ತದೆ. ಅಷ್ಟು ದಿನ ಆ ಬಾಲ್ಕನಿ ಹಾಗೂ ಮೇಲಿನ, ಕೆಳಗಿನ ಮನೆಯವರು ಸಂಜೆಯ ಮೇಲೆ ಬಾಲ್ಕನಿ ದೀಪ ಹಚ್ಚಬಾರದು, ಕಿಟಕಿಗೆ ಪರದೆ ಎಳೆಯಬೇಕು. ರಾತ್ರಿ ಹುಳು ಮನೆಯೊಳಗೆ ಬರುವುದು ಬೆಳಕಿಗೆ. ಅದರ ನೇರಕ್ಕೆ ಹೊಗೆ, ಪಟಾಕಿ, ಡ್ರಿಲ್ಲಿಂಗ್, ಗಾಜು ತೊಳೆಯುವ ಜೋಕಾಲಿ ಯಾವುದೂ ಬೇಡ. ಒಂದು ಹುಳು ಕಚ್ಚಿದರೆ ಮುಳ್ಳನ್ನು ಉಗುರಿನಿಂದ ಪಕ್ಕಕ್ಕೆ ಕೆರೆದು ತೆಗೆಯಿರಿ. ಉಸಿರುಗಟ್ಟಿದರೆ, ಮುಖ ಊದಿಕೊಂಡರೆ ಅಥವಾ ಹತ್ತಾರು ಕಡೆ ಕಚ್ಚಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಲವಾಡಿಯ ಬಾಗಿಲ ನೆತ್ತಿಯಂಥ ಜಾಗದಲ್ಲಿ ಕಟ್ಟಿ, ಸ್ಥಳಾಂತರಿಸದೆ ಗತ್ಯಂತರವಿಲ್ಲ ಎಂದಾದರೆ ರಾತ್ರಿ ಕೆಲಸ ಮಾಡುವ ಅನುಭವಿ ಜೇನು ರಕ್ಷಕರನ್ನೇ ಕರೆಸಬೇಕು. ಹುಳು ಎದ್ದುಹೋದ ಮೇಲೆ ಉಳಿದ ಮೇಣವನ್ನು ಕೆರೆದು ತೊಳೆಸಿ, ಬಾಲ್ಕನಿಯ ತಳಕ್ಕೆ ನೈಲಾನ್ ಬಲೆ ಬಿಗಿಸಿ. ಮೇಣದ ವಾಸನೆ ಉಳಿದರೆ ಮುಂದಿನ ವರ್ಷವೂ ಅಲ್ಲಿಗೇ ಬರುತ್ತವೆ.